ನಂಬಾನ್ ಮಗುವಿನ ಅಮ್ಮ

ಓಯಿಸೋಳ ಅಜ್ಜನ ಬಾಯಲ್ಲಿ ‘ನಂಬಾನ್’ ಎಂದರೆ ದಕ್ಷಿಣ ದಿಕ್ಕಿನ ಕಾಡುಜನ, ಅಷ್ಟೇ. ಅವಳು ಬೆಳೆದು ನಾಗಸಾಕಿಯ ಬಂದರಿನ ಓಣಿಯಲ್ಲಿ ಮೀನಿನಂಗಡಿ ಹಾಕುವ ಹೊತ್ತಿಗೆ ಆ ಮಾತೇ ಶೋಕಿಯಾಗಿತ್ತು. ಪೋರ್ಚುಗೀಸರ ಹಡಗಿನಿಂದ ಇಳಿದದ್ದೆಲ್ಲ ನಂಬಾನ್: ಬಟ್ಟೆ, ಮಿಠಾಯಿ, ಟೋಪಿ. ಓಯಿಸೋ ಕರಿದ ಮೀನನ್ನು ಈರುಳ್ಳಿ ಸೇರಿಸಿ ಹುಳಿಯಲ್ಲಿ ನೆನೆಸಿ ‘ನಂಬಾನ್ ಮೀನು’ ಎಂದು ಕೂಗಿದರೆ ಜನ ಮುಗಿಬೀಳುತ್ತಿದ್ದರು.

ಆ ಅಡುಗೆ ಕಲಿಸಿದವಳು ತಂಗಿ ಓಸೆನ್. ಪೋರ್ಚುಗೀಸ್ ನಾವಿಕನೊಬ್ಬನ ಜೊತೆ ಸಂಸಾರ ಹೂಡಿ ಅವನಿಂದ ಅದನ್ನು ಕಲಿತಿದ್ದ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಹಡಗು ಹತ್ತಿದ ಅವನು ತಿರುಗಿ ಬರಲಿಲ್ಲ. ಹೆಣ್ಣುಕೂಸು ಮಿನೋ ಓಯಿಸೋಳ ಮಡಿಲಿಗೆ ಬಿತ್ತು. ಕೆಂಚುಗೂದಲ ಆ ಮಗುವನ್ನು ಎದುರುಮನೆಯ ಓತೋರಾ ‘ನಮ್ಮ ನಂಬಾನ್ ಮರಿ’ ಎಂದು ಎತ್ತಿ ಆಡಿಸುತ್ತಿದ್ದಳು.

ಮಿನೋಗೆ ಆರು ತುಂಬಿದಾಗ ಪೋರ್ಚುಗೀಸರ ಕ್ರೈಸ್ತ ಮತ ಹರಡುವುದೆಂದು ಹೆದರಿದ ಆಳುವವರ ಅಪ್ಪಣೆ ಬಂತು: ಪೋರ್ಚುಗೀಸರ ರಕ್ತದ ಮಕ್ಕಳು, ಅವರನ್ನು ದತ್ತು ಮಾಡಿಕೊಂಡವರು, ಎಲ್ಲರೂ ದೇಶ ಬಿಡಬೇಕು. ಬಚ್ಚಿಟ್ಟರೆ ಇಡೀ ಓಣಿಗೆ ಶಿಕ್ಷೆ. ಅಂದಿನಿಂದ ಓತೋರಾ ಬಾಗಿಲು ಹಾಕಿಕೊಂಡಳು. ಆ ನಂಬಾನನ್ನು ಬೇಗ ಸಾಗಹಾಕು ಎಂದು ಕಿಟಕಿಯಿಂದಲೇ ಹೇಳಿದಳು.

ಓಣಿಯ ಹಿರಿಯ ಕ್ಯೂಎಮೊನ್ ದೇಶ ಬಿಡಬೇಕಾದವರ ಪಟ್ಟಿ ಹಿಡಿದು ಬಂದ. ಮಗು ಪೋರ್ಚುಗೀಸರದ್ದಲ್ಲ, ತನ್ನ ಹೊಟ್ಟೆಯಲ್ಲೇ ಹುಟ್ಟಿದ್ದು ಎಂದಳು ಓಯಿಸೋ.

“ನಿನ್ನ ತಂಗಿ ಹೆಣಕ್ಕೆ ನಾನೇ ಹೆಗಲು ಕೊಟ್ಟಿದ್ದು ಕಣಮ್ಮ,” ಎಂದ ಅವನು, ತಗ್ಗಿದ ದನಿಯಲ್ಲಿ. “ಮಗೂನ ಉಳಿಸೋಕಾಗಲ್ಲ. ನೀನು ಬರೀ ಅನ್ನ ಹಾಕ್ತಿದ್ದೆ, ದತ್ತು ತಗೊಂಡಿಲ್ಲ ಅಂತ ಬರೀತೀನಿ. ನೀನಾದ್ರೂ ಉಳಿ.”

ಮಿನೋ ಓಯಿಸೋಳ ನಿಲುವಂಗಿಯ ಅಂಚು ಹಿಡಿದು ನಿಂತಿತ್ತು.

“ದತ್ತು ತಗೊಂಡ ತಾಯಿ ಅಂತ್ಲೇ ಬರ್ಕೊಳ್ಳಿ ಯಜಮಾನ್ರೆ,” ಎಂದಳು ಓಯಿಸೋ.

ಶರತ್ಕಾಲದಲ್ಲಿ ಹಡಗು ಅವರನ್ನು ಚೀನಾ ತೀರದ ಮಕಾವಿಗೆ ಒಯ್ದಿತು. ಅಲ್ಲಿ ಪೋರ್ಚುಗೀಸರೇ ಊರಿನ ದೊಡ್ಡವರು. ಓಯಿಸೋಳ ಮಾತು, ಉಡುಗೆ, ಕೂರುವ ರೀತಿ ಎಲ್ಲವೂ ಅವರಿಗೆ ವಿಚಿತ್ರ. ಅವಳು ಮತ್ತೆ ಮೀನು ಕರಿಯತೊಡಗಿದಳು. ತಮ್ಮದೇ ಅಡುಗೆಯನ್ನು ಅವರು ‘ಜಪಾನಿನವಳ ಮೀನು’ ಎಂದು ಕರೆದು ತಿಂದರು. ದೇಶ ಬಿಟ್ಟುಬಂದ ಜಪಾನೀ ಹೆಂಗಸರು ಮಾತ್ರ ನಂಬಾನ್ ಎಂದೇ ಕೇಳಿ, ತಿನ್ನುತ್ತ ತವರು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಮಿನೋ ಬೆಳೆದು ಬಡಗಿಯೊಬ್ಬನನ್ನು ಮದುವೆಯಾಗುವ ಹಿಂದಿನ ದಿನ ಕೇಳಿದಳು: “ಅಮ್ಮಾ, ನಂಬಾನ್ ಅಂದ್ರೆ ನಿಜವಾಗಿ ಯಾರು?”

“ಅಲ್ಲಿ ನೀನಾಗಿದ್ದೆ. ಇಲ್ಲಿ ನಾನು,” ಎಂದು ಓಯಿಸೋ ಅವಳ ತಲೆ ಬಾಚಲು ಕೂತಳು.