ಹಗ್ಗಕ್ಕೆ ಹಾಕಿದ ನೋಟಿಸು

ಅಂಟಣ್ಣನನ್ನು ನಾನು ಮೊದಲು ನೋಡಿದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ನಾನೂ ನನ್ನ ನಾದಿನಿಯೂ ಲಾಡ್ಜಿನ ಬೆಡ್‌ಶೀಟುಗಳನ್ನು ಮೂರನೆಯ ಹಗ್ಗಕ್ಕೆ ಹಾಕುತ್ತಿದ್ದೆವು. ನಮ್ಮ ಬಯಲಿನಲ್ಲಿ ಹದಿನಾರು ಹಗ್ಗಗಳಿವೆ, ಹನ್ನೆರಡು ಮನೆಯವರು ಅಲ್ಲಿ ಬಟ್ಟೆ ಒಣಗಿಸುತ್ತೇವೆ. ಗಂಡ ಹೋದ ಮೇಲೂ ನನ್ನ ಪಾಲಿನ ಹಗ್ಗವನ್ನು ನಾನು ಬಿಟ್ಟುಕೊಟ್ಟವಳಲ್ಲ. ಬಟ್ಟೆಗಳ ನಡುವೆ ಒಬ್ಬ ಸಣಕಲು ಮನುಷ್ಯ ಬಗ್ಗಿ ಬಗ್ಗಿ ಬಂದ. ಕಂಕುಳಲ್ಲಿ ಕಾಗದದ ಸುರುಳಿ, ಕೈಯಲ್ಲಿ ಅಂಟಿನ ಬಕೆಟ್ಟು. ಒಗೆದ ಬಟ್ಟೆಗೆ ತಾಗಬಾರದೆಂದು ಬಕೆಟ್ಟನ್ನು ಎದೆಗೆ ಅವುಚಿಕೊಂಡಿದ್ದ. ಅದೊಂದನ್ನು ನೋಡಿಯೇ ಇವನು ಕೆಟ್ಟವನಲ್ಲ ಅನ್ನಿಸಿತು.

"ಅಮ್ಮಾ, ಈ ಜಾಗದಲ್ಲಿ ಗೋಡೆ ಎಲ್ಲಿದೆ?" ಎಂದು ಕೇಳಿದ.

ಗೋಡೆ ಇದ್ದರೆ ನೆರಳು ಬೀಳುತ್ತದೆ, ನೆರಳಲ್ಲಿ ಬಟ್ಟೆಯನ್ನು ನಿಮ್ಮಪ್ಪ ಬಂದು ಒಣಗಿಸುತ್ತಾನಾ ಎಂದಳು ನಾದಿನಿ. ಅವಳ ಬಾಯಿ ಹಾಗೇ. ಅವನು ಬೇಸರ ಮಾಡಿಕೊಳ್ಳಲಿಲ್ಲ. ತಾನು ಭೂಮಿ ಕಚೇರಿಯವನೆಂದೂ ನೋಟಿಸು ಅಂಟಿಸುವುದು ತನ್ನ ಕೆಲಸವೆಂದೂ ಹೇಳಿ, ಸುರುಳಿ ಬಿಚ್ಚಿ ಎರಡು ಸಲ ಓದಿದ. ಮೊದಲ ಸಲ ಕಚೇರಿಯ ವೇಗದಲ್ಲಿ, ಎರಡನೆಯ ಸಲ ನಮ್ಮ ವೇಗದಲ್ಲಿ. ಈ ಜಾಗ ಖಾಲಿ ಬಿದ್ದಿದೆ, ಯಾರೂ ಬಳಸುತ್ತಿಲ್ಲ, ಆದ್ದರಿಂದ ಸೋಲಾರ್ ಪ್ಯಾನಲ್ ಹಾಕಿ ಊರಿಗೆ ಕರೆಂಟು ಮಾಡಲು ಕೊಡಲಾಗುವುದು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು, ಆಮೇಲೆ ವಿಚಾರಣೆ ನಡೆಯುವುದು ಎಂದು ಅದರಲ್ಲಿತ್ತು.

"ನಾನೂರು ಬಟ್ಟೆ ನೇತಾಡ್ತಿದೆ, ಖಾಲಿ ಅಂತೀಯಲ್ಲೋ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದಳು ನಾದಿನಿ.

ಬರೆದವನು ತಾನಲ್ಲ, ಅಂಟಿಸುವವನು ಮಾತ್ರ ಎಂದ ಅಂಟಣ್ಣ. ಆದರೆ ಕಾಗದವನ್ನು ಇನ್ನೊಮ್ಮೆ ನೋಡಿ, ಸರ್ವೆ ಆದದ್ದು ಸೋಮವಾರ ಎಂದು ತೋರಿಸಿ, ಸೋಮವಾರ ನೀವೆಲ್ಲ ಎಲ್ಲಿರುತ್ತೀರಿ ಎಂದು ಕೇಳಿದ. ಸೋಮವಾರ ನಮಗೆ ರಜೆ. ಭಾನುವಾರ ಸಂಜೆಯೇ ಹಗ್ಗ ಬಿಚ್ಚಿ, ಸುತ್ತಿ, ಒಳಗಿಡುತ್ತೇವೆ. ಸರ್ವೆಯವನು ಬಂದಾಗ ಇದ್ದದ್ದು ಬೋಳು ಕಂಬಗಳು. ನಮಗೆ ನಗು ಬಂತು. ಆದರೆ ಆ ಬಯಲು ಹೋದರೆ ಹನ್ನೆರಡು ಮನೆಯ ಒಲೆ ಹೋದಂತೆ.

ಈಗ ಅವನಿಗೆ ತೊಡಕಾಯಿತು. ನೋಟಿಸು ಆ ಜಾಗದ ಒಳಗೇ ಇರಬೇಕೆಂದು ಕಾನೂನು. ನನ್ನ ಇಸ್ತ್ರಿ ಗುಡಿಸಲಿನ ಬಾಗಿಲಿಗೆ ಹಚ್ಚು ಎಂದೆ. ಅವನು ಹೆಜ್ಜೆ ಹಾಕಿ ಅಳೆದು, ಗುಡಿಸಲು ಗಡಿಯಿಂದ ಎಂಟು ಹೆಜ್ಜೆ ಹೊರಗಿದೆ, ಆಗುವುದಿಲ್ಲ ಎಂದ. ಕಂಬಗಳೋ ಹೆಬ್ಬೆರಳ ಗಾತ್ರದ ಪೈಪುಗಳು, ಕಾಗದ ಹಿಡಿಯುವುದಿಲ್ಲ. ಕೊನೆಗೆ ನನ್ನಿಂದ ಎರಡು ಕ್ಲಿಪ್ಪು ಕೇಳಿ ತೆಗೆದುಕೊಂಡು, ಮೂರನೆಯ ಹಗ್ಗಕ್ಕೆ ನೋಟಿಸನ್ನು ನೇತು ಹಾಕಿದ. ಹಿಂದೆ ಸರಿದು ನೋಡಿ ಓರೆಯಿದ್ದುದನ್ನು ಸರಿ ಮಾಡಿದ. ಮೊಣಕಾಲ ಮೇಲೆ ವರದಿ ಬರೆದು ಸಾಕ್ಷಿಗೆ ನಮ್ಮಿಬ್ಬರ ರುಜು ಕೇಳಿದ. ನನ್ನ ಹೆಸರಿನ ನಾಲ್ಕು ಅಕ್ಷರ ಬರೆಯಲು ನನಗೆ ಹೊತ್ತು ಹಿಡಿಯುತ್ತದೆ. ಬೇಗ ಎನ್ನಲಿಲ್ಲ, ಕಾದ.

ಓದಿ ಹೇಳುವುದು ಅವನ ಕೆಲಸವಲ್ಲ. ಅದನ್ನು ತಾನಾಗಿ ಹಚ್ಚಿಕೊಂಡಿದ್ದ. ಕೆಲಸಕ್ಕೆ ಸೇರಿದ ವರ್ಷ ಒಂದು ಮನೆಯ ಬಾಗಿಲಿಗೆ ನೋಟಿಸು ಹಚ್ಚಿ ಬಂದಿದ್ದನಂತೆ. ಆ ಮನೆಯವರಿಗೆ ಓದು ಬರುತ್ತಿರಲಿಲ್ಲ, ಏನೋ ಔಷಧಿಯ ಜಾಹೀರಾತು ಎಂದುಕೊಂಡು ಸುಮ್ಮನಿದ್ದರು, ವಾಯಿದೆ ಮುಗಿಯಿತು. ಅಂದಿನಿಂದ ಇಪ್ಪತ್ತೆಂಟು ವರ್ಷ ಓದಿ ಹೇಳದೆ ಅವನು ಒಂದು ಕಾಗದವನ್ನೂ ಹಚ್ಚಿಲ್ಲ. ಅಂಟನ್ನೂ ಮನೆಯಲ್ಲೇ ಮೈದಾ ಕಾಯಿಸಿ, ಹುಳ ಬರದಂತೆ ಚಿಟಿಕೆ ಮೈಲುತುತ್ತ ಹಾಕಿ ಮಾಡುತ್ತಿದ್ದ. ನಮ್ಮ ಮನೆಗೆ ಚಿಲಕವೇ ಬೇಡ, ಇವರು ಕೈ ಇಟ್ಟರೆ ಬಾಗಿಲು ಅಂಟಿಕೊಳ್ಳುತ್ತೆ ಎಂದು ಅವನ ಹೆಂಡತಿ ನಗುತ್ತಿದ್ದಳಂತೆ.

ನಾವು ಆಕ್ಷೇಪಣೆ ಬರೆಸಿ ಕೊಟ್ಟ ಮೇಲೆ, ವಿಚಾರಣೆಯ ದಿನಾಂಕ ತಿಳಿಸಲು ತಾನಾಗಿಯೇ ಬಂದಾಗ ಕಚೇರಿಯಲ್ಲಿ ನಡೆದದ್ದನ್ನು ಹೇಳಿದ. ವರದಿಯಲ್ಲಿ ಯಾವಾಗಲೂ ಬರೆಯುವುದು "ಅಂಟಿಸಲಾಗಿದೆ" ಎಂಬ ಒಂದೇ ಮಾತು. ಇವನು ನೇತು ಹಾಕಿದ್ದನ್ನೆಲ್ಲ ಬಿಡಿಸಿ ಬರೆದಿದ್ದ. ಗುಮಾಸ್ತರು ಕೆಂಡವಾಗಿ, ತಿದ್ದಿ ಬರಿ, ಇಲ್ಲವಾದರೆ ಊರಾಚೆಯ ವಾರ್ಡಿಗೆ ಹಾಕುತ್ತೇನೆ ಎಂದರಂತೆ.

"ನಾನೇನಂದೆ ಗೊತ್ತಾ ಅಕ್ಕಾ? ಮೇಲೆ ಸುಳ್ಳು ಬರೆದ್ರೆ ಕೆಳಗಿರೋ ಆ ಅಮ್ಮನ ರುಜೂನೂ ಸುಳ್ಳಾಗುತ್ತೆ ಸಾರ್, ಅವರು ಅಷ್ಟು ಕಷ್ಟಪಟ್ಟು ಬರೆದಿದ್ದಾರೆ ಅಂದೆ."

ಗುಮಾಸ್ತರು ಸಿಟ್ಟಿನಲ್ಲಿ ಪೂರ್ತಿ ಓದದೆ ಮೊಹರು ಗುದ್ದಿ ಫೈಲಿಗೆ ಸೇರಿಸಿದರು. ಮರುದಿನದಿಂದ ಅಂಟಣ್ಣನಿಗೆ ಊರಾಚೆಯ ವಾರ್ಡೇ ಗತಿಯಾಯಿತು. ನಡೆದರೆ ಹಸಿವು ಚೆನ್ನಾಗಾಗುತ್ತೆ ಎಂದು ಅವನು ನಕ್ಕ.

ವಿಚಾರಣೆಗೆ ಹನ್ನೆರಡು ಮನೆಯವರೂ ಹೋದೆವು. ಉದ್ದದ ಕೋಣೆ, ಆರು ಬೆಂಚು, ಎದುರಿನ ಮೇಜಿನ ಹಿಂದೆ ಒಬ್ಬ ಹೆಣ್ಣು ಅಧಿಕಾರಿ. ಕರೆಂಟು ಇಲಾಖೆಯ ಇಂಜಿನಿಯರು ಚೆನ್ನಾಗಿಯೇ ಮಾತಾಡಿದ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗಬೇಕು, ಮಕ್ಕಳ ಕಾಲಕ್ಕೆ ಗಾಳಿ ಉಳಿಯಬೇಕು ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ನಾನು ಎದ್ದೆ.

"ಕರೆಂಟು ಬೇಡ ಅನ್ನೋರಲ್ಲ ನಾವು. ನಾವೂ ಬಿಸಿಲಲ್ಲೇ ಕೆಲಸ ಮಾಡೋರು. ಇಷ್ಟೂ ಬಟ್ಟೇನ ಮಿಷನ್ನಲ್ಲಿ ಒಣಗಿಸಿದ್ರೆ ಎಷ್ಟು ಕರೆಂಟು ಬೇಕು, ಅದನ್ನೂ ಸ್ವಲ್ಪ ನೋಡಿ ಸ್ವಾಮಿ."

ಇಂಜಿನಿಯರು ಪೆನ್ನು ತೆಗೆದು ಅದನ್ನು ಬರೆದುಕೊಂಡ. ಆದರೆ ಸರ್ವೆಯವನು ಬಗ್ಗಲಿಲ್ಲ. ತಾನು ಹೋದಾಗ ಒಂದು ಹಗ್ಗವೂ ಇರಲಿಲ್ಲ, ನೋಟಿಸು ನೋಡಿದ ಮೇಲೆ ಇವರು ಕಟ್ಟಿಕೊಂಡಿದ್ದಾರೆ ಎಂದ. ಸೋಮವಾರ ರಜೆ ಎಂದು ನಾವು ಹೇಳಿದೆವು, ಅದು ಎಲ್ಲಿ ಬರೆದಿದೆ ಎಂದು ಕೇಳಿದ. ಎಲ್ಲಿಯೂ ಬರೆದಿರಲಿಲ್ಲ.

ಅಧಿಕಾರಿ ಫೈಲು ತಿರುವುತ್ತಾ ಒಂದು ಹಾಳೆಗೆ ಬಂದು ನಿಂತರು. ಗಟ್ಟಿಯಾಗಿ ಓದತೊಡಗಿದರು: "ಸದರಿ ಖಾಲಿ ಜಾಗದಲ್ಲಿ ಗೋಡೆ ಇಲ್ಲದ ಕಾರಣ, ಹದಿನಾರು ಹಗ್ಗಗಳಲ್ಲಿ ಮೂರನೆಯದಕ್ಕೆ, ನೀಲಿ ಬೆಡ್‌ಶೀಟು ಮತ್ತು ದಿಂಬಿನ ಕವರಿನ ನಡುವೆ, ಎರಡು ಕ್ಲಿಪ್ಪುಗಳಿಂದ ನೋಟಿಸನ್ನು ನೇತು ಹಾಕಲಾಗಿದೆ."

ಬೆಂಚುಗಳೆಲ್ಲ ನಕ್ಕವು. ಅಧಿಕಾರಿ ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. ಖಾಲಿ ಜಾಗಕ್ಕೆ ದಿಂಬಿನ ಕವರು ಎಲ್ಲಿಂದ ಬಂತು ಎಂದು ಸರ್ವೆಯವನನ್ನು ಕೇಳಿದರು. ನೋಟಿಸು ಬಂದ ಗಳಿಗೆಯಲ್ಲೇ ಹಗ್ಗವಿತ್ತೆಂದು ಅವರದೇ ಕಚೇರಿಯ ಕಾಗದ, ಅವರದೇ ಮೊಹರು ಹೇಳುತ್ತಿತ್ತು. ಗುಮಾಸ್ತರು ಕಿಟಕಿಯ ಕಡೆ ನೋಡಿದರು. ಹಿಂದಿನ ಬೆಂಚಿನಲ್ಲಿದ್ದ ಅಂಟಣ್ಣನನ್ನು ಎಬ್ಬಿಸಿ, ಇದು ನಿಜವೇ ಎಂದು ಅಧಿಕಾರಿ ಕೇಳಿದರು. ನಿಜ, ಬೆಡ್‌ಶೀಟಿನ ನೀಲಿ ಸ್ವಲ್ಪ ಮಾಸಿತ್ತು, ಅದನ್ನು ಬರೆಯಲಿಲ್ಲ, ತಪ್ಪಾಯಿತು ಎಂದ ಅಂಟಣ್ಣ.

ಎರಡು ತಿಂಗಳಾದ ಮೇಲೆ ಆದೇಶ ಬಂತು. ಬಯಲನ್ನು ಬಟ್ಟೆ ಒಣಗಿಸುವ ಜಾಗವೆಂದು ದಾಖಲೆಗೆ ಏರಿಸಿದರು. ಪ್ಯಾನಲ್‌ಗಳು ಮಾರುಕಟ್ಟೆಯ ಗೋದಾಮುಗಳ ಛಾವಣಿಗೆ ಹೋದವು. ಈಗ ಬೀದಿ ದೀಪ ಉರಿಯುವುದು ಅವುಗಳಿಂದಲೇ. ಸರ್ವೆಯವನು ಒಂದು ದಿನ ತನ್ನ ಎರಡು ಷರ್ಟು ಒಗೆಯಲು ತಂದ. ನಾದಿನಿ ಕಾಲರು ಬೆಳ್ಳಗೆ ಮಾಡಿ ಕೊಟ್ಟಳು, ಸೋಮವಾರ ಬರಬೇಡಪ್ಪಾ ಎಂದು ಹೇಳಿಯೇ ಕೊಟ್ಟಳು.

ಅಂಟಣ್ಣ ಆಮೇಲೆ ಮೂರು ವರ್ಷ ಕೆಲಸದಲ್ಲಿದ್ದ. ನಿವೃತ್ತಿಯಾಗಿ ಬೇರೆ ಊರಿನ ಮಗಳ ಮನೆಗೆ ಹೊರಡುವ ಹಿಂದಿನ ದಿನ ಬಯಲಿಗೆ ಬಂದು, ನೀರು ಕುಡಿದು, ಹಗ್ಗದ ಮೇಲಿನ ಬಟ್ಟೆಗಳ ನೆರಳಿನಲ್ಲಿ ಕೂತ. ಅವನು ಕೊನೆಯ ನೋಟಿಸು ಹಚ್ಚಿದ್ದು ಊರಾಚೆ, ಮಡಕೆ ಮಾಡುವವರು ಮಣ್ಣು ತೆಗೆಯುವ ಜಾಗದಲ್ಲಿ. ಆ ಜಾಗ ಉಪಯೋಗಕ್ಕೆ ಬಾರದ್ದು ಎಂದು ಅದರಲ್ಲಿ ಬರೆದಿದೆಯಂತೆ.

"ಎರಡು ಸಲ ಓದಿ ಹೇಳಿದೆ, ಎಲ್ಲರೂ ಕೇಳಿಸ್ಕೊಂಡ್ರು. ಆದ್ರೆ ಮೇಜಿನ ಮುಂದೆ ಎದ್ದು ನಿಲ್ಲೋಕೆ ಅಲ್ಲಿ ಒಬ್ಬರಿಗೂ ಧೈರ್ಯ ಇಲ್ಲ. ಇಪ್ಪತ್ತು ಮನೆ ಇದೆ. ಅಕ್ಕಾ, ಶುಕ್ರವಾರ ವಿಚಾರಣೆಗೆ ನೀವು ಹೋಗಿ ಅವರ ಜೊತೆ ಬೆಂಚಲ್ಲಿ ಕೂತ್ಕೋತೀರಾ?"