ಯಜಮಾನರ ಮೊದಲ ಮಗ್ಗ

ನಾನು ಓದು ನಿಲ್ಲಿಸಿದ್ದು 1981ರಲ್ಲಿ. ಏಳನೇ ತರಗತಿಯಲ್ಲಿದ್ದೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೂಬಗೆರೆ ಕಡೆಯ ನಮ್ಮ ಮನೆಯಲ್ಲಿ ಗಂಡುಮಕ್ಕಳು ಹೆಚ್ಚಾಗಿದ್ದೆವು. ಕೊನೆಯವನಿಗೊಂದು ಕಸುಬು ಹತ್ತಲಿ ಎಂದು ಅಪ್ಪ ನನ್ನನ್ನು ದೊಡ್ಡಬಳ್ಳಾಪುರಕ್ಕೆ ಕರೆತಂದು ಒಬ್ಬ ಯಜಮಾನರ ಮನೆ ಮುಂದೆ ನಿಲ್ಲಿಸಿದ. ಅವರ ನಡುಮನೆಯಲ್ಲಿ ಹೊಸದಾಗಿ ಹಾಕಿದ್ದ ಒಂದೇ ಒಂದು ಪವರ್‌ಲೂಮ್ ಮಗ್ಗವಿತ್ತು. ಅದರ ಸದ್ದಿಗೆ ಅಡುಗೆಮನೆಯ ಪಾತ್ರೆಗಳೆಲ್ಲ ಅದುರುತ್ತಿದ್ದವು.

ಆ ಮಗ್ಗದಲ್ಲೇ ನಾನು ಕೆಲಸ ಕಲಿತೆ. ಮೊದಲ ಸೀರೆ ಇಳಿದ ದಿನ ಯಜಮಾನರು ಅದನ್ನು ದೇವರ ಮುಂದಿಟ್ಟು, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. "ಈ ಮಗ್ಗ ನಿಂದು ಕಣೋ. ಮುಂದೆ ಮಾರೋ ಕಾಲ ಬಂದ್ರೆ ಮೊದ್ಲು ನಿನ್ನೇ ಕೇಳೋದು," ಎಂದರು. ನಾನೇನೂ ಬೇಡಿರಲಿಲ್ಲ. ಅವರಾಗಿಯೇ ಕೊಟ್ಟ ಮಾತು. ಅವರ ಹೆಂಡತಿ ಅನ್ನ ಬಡಿಸುತ್ತಾ ಕೇಳಿಸಿಕೊಂಡಿದ್ದರು.

ಒಂದು ಮಗ್ಗ ಹಿತ್ತಲಿನ ಶೆಡ್ಡಿಗೆ ಹೋಗಿ ಆರಾಯಿತು. ಆರಿದ್ದದ್ದು ಇಪ್ಪತ್ತಾಯಿತು. ಆಮೇಲೆ ಊರಾಚೆ ದೊಡ್ಡ ಕಟ್ಟಡ ಎದ್ದಿತು, ಅದರ ನೆತ್ತಿಯ ಮೇಲೆ 'ಕಂಪನಿ' ಎಂಬ ಬೋರ್ಡು ಬಂತು. ಬೋರ್ಡು ಬಂದ ಮೇಲೆ ಯಜಮಾನರು ನಮ್ಮ ಜೊತೆ ಉಣ್ಣುವುದು ನಿಂತಿತು. ಮಗ್ಗದ ಮನೆಗೆ ನಾವ್ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಅವರು ಬೂಟು ಹಾಕಿಕೊಂಡೇ ಬರತೊಡಗಿದರು. ನನ್ನನ್ನು ಕರೆಯುವುದಕ್ಕೆ ಒಬ್ಬ ಸೂಪರ್‌ವೈಸರ್ ಬಂದ. ಅವನು ನನ್ನ ಮಾತನ್ನು ಅವರಿಗೆ ಮುಟ್ಟಿಸುವನು, ಅವರ ಬೈಗುಳವನ್ನು ನನಗೆ ಮುಟ್ಟಿಸುವನು. ಇಷ್ಟನ್ನೂ ನುಂಗಿದೆ. ದೊಡ್ಡದಾಗುವ ಕಂಪನಿಯಲ್ಲಿ ಇವೆಲ್ಲ ಇದ್ದದ್ದೇ ಎಂದುಕೊಂಡೆ. ನನ್ನ ಮಗ್ಗವೊಂದು ನನ್ನ ಕೈಯಲ್ಲಿತ್ತಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಕ್ರಮ ಹೇಳಬೇಕು. ನೇಯ್ದ ಸೀರೆಯನ್ನು ಕೊಯ್ದುಕೊಳ್ಳುತ್ತೇವೆಯೇ ಹೊರತು ಮಗ್ಗದ ಹಾಸನ್ನು ಬರಿದು ಮಾಡುವುದಿಲ್ಲ. ಹಾಸೆಂದರೆ ಮಗ್ಗದ ಉದ್ದಕ್ಕೂ ಬಿಗಿದಿರುವ ಎಳೆಗಳು. ಅದು ಮುಗಿಯುತ್ತ ಬಂದಾಗ ಗೇಣುದ್ದ ಹಾಗೇ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಗೆ ಹೊಸೆದು ಸೇರಿಸುತ್ತೇವೆ. ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ. ಮದುವೆಯಾದ ಮೇಲೆ ನನ್ನ ಮಗ್ಗಕ್ಕೆ ಅದು ನನ್ನ ಹೆಂಡತಿಯ ಕೆಲಸ, ಅವಳ ಬೆರಳ ತುದಿ ಸವೆದದ್ದೇ ಅದರಲ್ಲಿ. ಹಾಗಾಗಿ ಇವತ್ತಿನ ಸೀರೆಯಿಂದ ಎಳೆ ಹಿಡಿದು ಹಿಂದಕ್ಕೆ ಹೋದರೆ ಮೊದಲ ಸೀರೆಗೇ ಮುಟ್ಟುತ್ತದೆ. ನಡೆಯುತ್ತಿರುವ ಹಾಸನ್ನು ಕತ್ತರಿಸುವುದು ನಮ್ಮ ಕೇರಿಯಲ್ಲಿ ಹೊಸ್ತಿಲು ಒಡೆದ ಹಾಗೆ.

ದೇವನಹಳ್ಳಿ ಕಡೆ ಏರ್‌ಪೋರ್ಟು ಬರುತ್ತದೆಂದು ಗಟ್ಟಿಯಾಯಿತು. ಬೂದಿಗೆರೆಯಿಂದ ಹಿಡಿದು ನಮ್ಮೂರವರೆಗೆ ಎಲ್ಲರ ಬಾಯಲ್ಲೂ ಸೈಟು, ಗೋಡೌನು. ವಿಮಾನ ಹಾರತೊಡಗಿದ ವರ್ಷ ಯಜಮಾನರು ಲೆಕ್ಕ ಹಾಕಿದರು: ನೇಯುವುದಕ್ಕಿಂತ ಕಟ್ಟಡವನ್ನು ಬಾಡಿಗೆಗೆ ಕೊಡುವುದೇ ವಾಸಿ, ಸೀರೆ ಸೂರತ್ತಿನಿಂದ ತರಿಸಿ ಮಾರಬಹುದು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಾಗಿಲಲ್ಲಿ ಗುಜರಿ ಲಾರಿ ನಿಂತಿತ್ತು.

ನನ್ನ ಮಗ್ಗದಲ್ಲಿ ಅರ್ಧ ಸೀರೆ ನೇಯ್ದಾಗಿತ್ತು. ಕೆಂಪು ಒಡಲು, ಹಸಿರು ಅಂಚು. ಯಜಮಾನರು ಬೂಟು ಕಾಲಲ್ಲಿ ಅದರ ಪಕ್ಕ ನಿಂತಿದ್ದರು.

"ಯಜಮಾನ್ರೇ, ಇದೊಂದನ್ನ ನಂಗೆ ಬಿಡ್ರಿ. ಅವತ್ತು ಮಾತು ಕೊಟ್ಟಿದ್ರಲ್ಲ. ಪುಕ್ಕಟೆ ಬೇಡ, ಕಾಸು ಕೊಡ್ತೀನಿ," ಎಂದೆ.

"ಯಾವ ಮಾತ್ಲಾ? ಎಲ್ಲಾ ಒಟ್ಟಿಗೆ ಮಾರಾಯ್ತು."

"ಹಂಗಾದ್ರೆ ಈ ಹಾಸು ಮುಗಿಯಗಂಟ ಆದ್ರೂ ತಡೀರಿ."

"ಲಾರಿ ನಿಂತೈತೆ, ಕಾಣಲ್ವಾ?" ಎಂದವರೇ ಕಿಟಕಿಯಲ್ಲಿದ್ದ ಕತ್ತರಿ ತೆಗೆದು, ಎಲ್ಲರ ಎದುರಿಗೆ ಹಾಸನ್ನು ಈ ಕಡೆಯಿಂದ ಆ ಕಡೆಗೆ ಕತ್ತರಿಸಿಬಿಟ್ಟರು. ಎಳೆಗಳು ಚಟಚಟನೆ ಹಿಂದಕ್ಕೆ ಹಾರಿ ಜೋತುಬಿದ್ದವು. ಕತ್ತರಿಯನ್ನು ನೆಲಕ್ಕೆ ಬಿಸುಟು, ಅರ್ಧ ಸೀರೆಯನ್ನು ಮುದ್ದೆ ಮಾಡಿ ನನ್ನ ಎದೆಗೆ ಎಸೆದರು. "ತಗೋ, ನಿಂಗೆ ಸೇರ್ಬೇಕಾದ್ದು ಇದೇ."

ಸೂಪರ್‌ವೈಸರ್ ನಕ್ಕ. ನಾನು ಬಗ್ಗಿ ಆ ಕತ್ತರಿಯನ್ನು ಎತ್ತಿಕೊಂಡು, ಸೀರೆಯಲ್ಲಿ ಸುತ್ತಿ, ಲಾರಿಯ ಹಿಂದೆಯೇ ನಡೆದೆ.

ಗುಜರಿಯ ಸಾಹೇಬರು ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ, "ಕ್ಯಾ ಭಾಯ್, ಹೆಂಡ್ತಿ ಓಡೋದ್ಲಾ?" ಎಂದರು. ವಿಷಯ ಕೇಳಿದ ಮೇಲೆ ನಗಲಿಲ್ಲ. "ಕಬ್ಬಿಣದ ತೂಕಕ್ಕೇ ತಗೊಂಡು ಹೋಗು. ಲಾಭ ಬೇರೆ ಮಗ್ಗದಲ್ಲಿ ನೋಡ್ಕೊಂತೀನಿ." ಹೆಂಡತಿಯ ಓಲೆ ಹೋಯಿತು, ಮಗ್ಗ ಬಂತು. ಬರಿದಾದ ಮಗ್ಗಕ್ಕೆ ಮೊದಲಿನಿಂದ ಎಳೆ ಪೋಣಿಸುವಾಗ ಅವಳು, "ಸಾಕು ಬಿಡಿ, ಮರ್ತುಬಿಡಿ," ಎಂದಳು. ಮರೆಯಬಾರದೆಂದೇ ಕತ್ತರಿಯನ್ನು ಮಗ್ಗದ ಎದುರಿನ ಮೊಳೆಗೆ ತೂಗುಹಾಕಿದೆ. ಮುಂದಿನ ವರ್ಷಗಳಲ್ಲಿ ಬೆನ್ನು ಬಾಗಿದಾಗಲೆಲ್ಲ ಅದನ್ನು ನೋಡಿ ನೆಟ್ಟಗಾದೆ. ಒಂದರ ಪಕ್ಕ ಇನ್ನೊಂದು ಮಗ್ಗ ಬಂತು, ಸ್ವಂತ ಶೆಡ್ಡು ಎದ್ದಿತು. ಕಂಪನಿಯಿಂದ ಹೊರಬಿದ್ದ ನೇಕಾರರು ಒಬ್ಬೊಬ್ಬರೇ ನನ್ನ ಶೆಡ್ಡಿಗೆ ಬಂದರು.

ಯಜಮಾನರು ಏರ್‌ಪೋರ್ಟ್ ರಸ್ತೆಗೆ ಹತ್ತಿರ ದೊಡ್ಡ ಸೀರೆ ಅಂಗಡಿ ಕಟ್ಟಿಸಿದರು. 'ತಲೆಮಾರುಗಳಿಂದ ನೇಯುತ್ತಿದ್ದೇವೆ' ಎಂಬ ಬರಹ, ಒಳಗೆಲ್ಲ ಗಾಜು. ಇನ್ನೇನು ಬಾಗಿಲು ತೆರೆಯಬೇಕು ಅನ್ನುವಾಗ ಅವರು ಮಗನ ಜೊತೆ ನನ್ನ ಶೆಡ್ಡಿಗೆ ಬಂದರು. ಅವರಿಗೆ ವಯಸ್ಸಾಗಿತ್ತು, ಕೈಯಲ್ಲಿ ಊರುಗೋಲು. ಬಾಗಿಲಲ್ಲಿ ನಿಂತು, "ಚಪ್ಪಲಿ ಅಲ್ಲೇ ಬಿಡಿ," ಎಂದೆ. ಬಿಟ್ಟರು.

"ನೋಡಿ ಅಂಕಲ್," ಎಂದು ಮಗ ಶುರು ಮಾಡಿದ. "ಶೋರೂಮ್ ಬಾಗಿಲಲ್ಲೇ ನಮ್ಮ ಮೊದಲ್ನೇ ಮಗ್ಗ ಇಡ್ಬೇಕು ಅಂತ. ಫ್ಲೈಟ್ ಇಳಿದು ಬರೋ ಜನ ಫೋಟೋ ತೆಗೆಸ್ಕೊಳ್ತಾರೆ. ರೇಟು ನೀವೇ ಹೇಳಿ."

"ದುಡ್ಡು ಬ್ಯಾಡ, ಸುಮ್ನೇ ಕೊಡ್ತೀನಿ," ಎಂದೆ. ಇಬ್ಬರ ಮುಖವೂ ಅರಳಿತು. "ಆದ್ರೆ ಹಾಸು ನಡೀತಾ ಐತೆ. ಮುಗಿಯಗಂಟ ಕಾಯ್ತೀರಾ?"

"ನಾಡಿದ್ದೇ ಓಪನಿಂಗ್ ಅಂಕಲ್."

"ಹಂಗಾದ್ರೆ ಕತ್ತರಿಸ್ಬೇಕಾಯ್ತದೆ."

ಎಲ್ಲ ಮಗ್ಗಗಳನ್ನೂ ನಿಲ್ಲಿಸಲು ಹೇಳಿದೆ. ನಮ್ಮ ಕೇರಿಯಲ್ಲಿ ಮಗ್ಗ ನಿಂತರೆ ಏನೋ ಆಯಿತೆಂದು ಜನ ಓಡಿ ಬರುತ್ತಾರೆ. ಹೆಂಗಸರು ಬಾಗಿಲಲ್ಲಿ ಸೇರಿದರು. ಮೊಳೆಯಿಂದ ಕತ್ತರಿ ಇಳಿಸಿ ಒರೆಸಿ ತಂದೆ. ಮಗ, "ಕೊಡಿ, ನಾನೇ ಕಟ್ ಮಾಡ್ತೀನಿ," ಎಂದು ಕೈ ಚಾಚಿದ.

"ನೀನಲ್ಲಪ್ಪ. ಕಲ್ತಿರೋ ಕೈ ಅವ್ರದ್ದು."

ಯಜಮಾನರು ಕತ್ತರಿಯ ಗುರುತು ಹಿಡಿದರು. ತೆಗೆದುಕೊಂಡರು. ಎಡಗೈಯನ್ನು ಹಾಸಿನ ಮೇಲಿಟ್ಟರು. ಅದನ್ನು ಕೆಚ್ಚಿದ ನನ್ನ ಹೆಂಡತಿ ಎದುರಿಗೇ ನಿಂತಿದ್ದಳು. ಅವರು ಹೊರಹಾಕಿದ ನೇಕಾರರೂ ನಿಂತಿದ್ದರು. ಕತ್ತರಿಯ ಬಾಯಿ ತೆರೆದರು, ಮತ್ತೆ ಮುಚ್ಚಿದರು.

"ಅವತ್ತು ಲಾರಿ ನಿಂತಿತ್ತು ಕಣಪ್ಪಾ," ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಇವತ್ತು ನಿಮ್ ಕಾರು ನಿಂತೈತೆ ಯಜಮಾನ್ರೇ. ಬೇಗ ಕತ್ತರಿಸಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ಕತ್ತರಿಯನ್ನು ಮಗ್ಗದ ಅಂಚಿಗಿಟ್ಟು, "ನಡಿಯೋ," ಎಂದು ಮಗನ ತೋಳು ಹಿಡಿದು ಹೊರಟುಬಿಟ್ಟರು. ಚಪ್ಪಲಿ ಹಾಕಿಕೊಳ್ಳಲು ತಡವರಿಸಿದರು. ಹೋಗಿ ಹಿಡಿಯಬಹುದಿತ್ತು. ನಿಂತು ನೋಡಿದೆ.

ಆ ರಾತ್ರಿ ಊಟ ಬಡಿಸುತ್ತಾ ಹೆಂಡತಿ ನನ್ನನ್ನು ಬೈದಳು. ಮುದುಕರನ್ನು ಹಾಗೆ ನಿಲ್ಲಿಸಬಾರದಿತ್ತಂತೆ. ನನ್ನನ್ನು ನಿಲ್ಲಿಸಿದಾಗ ನನಗೂ ಪ್ರಾಯ ಉಳಿದಿರಲಿಲ್ಲ. ಅವರ ಅಂಗಡಿಯ ಬಾಗಿಲಲ್ಲಿ ಈಗ ಆಟಿಕೆಯಂಥ ಒಂದು ಮರದ ಮಗ್ಗವಿದೆಯಂತೆ. ನೇಯುವುದಿಲ್ಲ, ಲೈಟು ಹತ್ತುತ್ತದೆ. ನಾನು ನೋಡಲು ಹೋಗಿಲ್ಲ. ನೋಡಿಬಂದವರನ್ನು ಕೂರಿಸಿ, ಕಾಫಿ ಕೊಡಿಸಿ, ಇನ್ನೊಮ್ಮೆ ಹೇಳಿಸಿಕೊಳ್ಳುತ್ತೇನೆ.

ಈಗ ನನ್ನ ಬಳಿ ಇರುವುದು: ನಡೆಯುವ ಮಗ್ಗ ಹದಿನೆಂಟು, ಅವರ ಮೊದಲನೆಯದೂ ಸೇರಿ. ಸ್ವಂತ ಶೆಡ್ಡು ಒಂದು. ಹೆಂಡತಿಯ ಕಿವಿಗೆ ಹೊಸ ಓಲೆ ಒಂದು ಜೊತೆ. ಅರ್ಧ ಸೀರೆ ಒಂದು. ಕತ್ತರಿ ಒಂದು.