ಉಪ್ಪಿನ ಚೀಲ ಹೊತ್ತ ಕಾರು

ನಮ್ಮ ಕಾಕಾ ಆ ಕಾರಿನಲ್ಲಿ ಉಪ್ಪಿನ ಚೀಲ ಒಟ್ಟಿದ್ದರು. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ಹಲ್ಲು ಕಡಿಯುವಂತಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವನ ಕರೀ ವಿಲಾಯತಿ ಕಾರು ಖಾನಾಪುರದ ಮನೆಯ ಹಿತ್ತಲಲ್ಲಿ, ತಗಡಿನ ಛಪ್ಪರದ ಕೆಳಗೆ ನಿಂತಿತ್ತು. ಅಪ್ಪನ ತಮ್ಮ, ಈ ಕಾಕಾನದು ಕಿರಾಣಿ ಅಂಗಡಿ. ಅಲ್ಲಿಯ ಮಳೆಗಾಲದಲ್ಲಿ ಹರಳುಪ್ಪನ್ನು ನೆಲದ ಮೇಲಿಟ್ಟರೆ ನೀರೊಡೆಯುತ್ತದೆ. ಕಾರು ನೆಲದಿಂದ ಮೇಲಿತ್ತು, ಬಾಗಿಲು ಹಾಕಿದರೆ ದನ ಬಾಯಿ ಹಾಕುವಂತಿರಲಿಲ್ಲ. ಹಿಂದಿನ ಸೀಟು ಕಿತ್ತು ಮೂಲೆಗೆಸೆದು ಅಲ್ಲಿ ಚೀಲ ಪೇರಿಸಿದರು. ಒಂದಲ್ಲ, ಮೂರು ಮಳೆಗಾಲ. ಉಪ್ಪು ಅಲ್ಲೂ ನೀರೊಡೆಯಿತು, ಆ ನೀರು ಕಾರಿನ ತಳವನ್ನು ತಿಂದು ಹಾಕಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಳಗಾವಿಯಲ್ಲಿ ಹೈಸ್ಕೂಲು ಮಾಸ್ತರ, ಅವ್ವ, ತಂಗಿ ನನ್ನ ಜೊತೆಗೇ ಇದ್ದರು. ತಂಗಿಯ ಮದುವೆ ನಂದಗಡದಲ್ಲಿ ಗೊತ್ತಾಗಿತ್ತು, ಗಂಡಿನ ಮನೆಯಲ್ಲೇ ಲಗ್ನ. ಅಪ್ಪನ ಕಾರಿನಲ್ಲೇ ಅವಳನ್ನು ಕರೆದೊಯ್ಯೋಣವೆಂದು ಆಸೆಯಿಂದ ಛಪ್ಪರಕ್ಕೆ ಹೋಗಿ, ಬಾಗಿಲು ತೆಗೆದು ಕಾಲಿಟ್ಟೆ. ಕಾಲು ತಳ ತೂರಿಕೊಂಡು ಸೀದಾ ಮಣ್ಣಿಗೆ ಹೋಯಿತು.

“ಖಾಲಿ ನಿಂತಿತ್ತು, ಇಟ್ಟೆ,” ಅಂದರು ಕಾಕಾ. “ಗುಜರಿಯವಗ ಹೇಳೀನಿ, ಒಯ್ತಾನ. ಅದಕ್ಯಾಕ ಇಷ್ಟ ಒದರ್ತಿ?”

“ಗುಜರಿ ಮಾತ ಆಡಬ್ಯಾಡ್ರಿ ಕಾಕಾ! ನನ್ನ ಕೈಯಾರೆ ರಿಪೇರಿ ಮಾಡಿ, ಇದ ಕಾರಿನ್ಯಾಗ ತಂಗೀನ ಕುಂದರಿಸಿಕೊಂಡು ನಂದಗಡಕ್ಕ ಹೊಕ್ಕೇನಿ. ನೋಡ್ತಿರ್ರಿ.”

ಸಿಟ್ಟಿನಲ್ಲಿ ಹೊರಟ ಮಾತು. ಪಕ್ಕಡ ಹಿಡಿಯಲೂ ಬಾರದ ಕೈ ನನ್ನದು. ಕಾಕಾ ನಕ್ಕರು. ಆ ನಗೆಗೇ ನನ್ನ ಪಿತ್ತ ನೆತ್ತಿಗೇರಿತು.

ಕಾರನ್ನು ಲಾರಿಗೆ ಹಾಕಿಕೊಂಡು ಬೆಳಗಾವಿಗೆ ತಂದೆ. ಪೀರನವಾಡಿ ದಾಟುವಾಗ ತಗ್ಗು ಬಂದಾಗಲೆಲ್ಲ ಹಿಂದೆ ತುಕ್ಕು ಉದುರುವ ಸದ್ದು ಕೇಳುತ್ತಿತ್ತು, ನಾನು ಮುಂದೆ ಕೂತು ಕಾಕಾನನ್ನು ಬಯ್ಯುತ್ತಿದ್ದೆ. ಎಂಜಿನ್ನಿಗೆ ಹೆಚ್ಚೇನೂ ಆಗಿರಲಿಲ್ಲ, ಗ್ಯಾರೇಜಿನವನೊಬ್ಬ ಬಂದು ಚಾಲೂ ಮಾಡಿಕೊಟ್ಟ. ಉಳಿದದ್ದು ತಳ, ಬಾಗಿಲಿನ ಕೆಳಗಿನ ಅಂಚು, ಹಿಂದಿನ ಗಾಲಿಗಳ ಸುತ್ತಲಿನ ಕಬ್ಬಿಣ. ಅಂದರೆ ಬರೀ ವೆಲ್ಡಿಂಗು.

ಉದ್ಯಮಬಾಗದ ಕಡೆಯ ಒಬ್ಬ ಮಿಸ್ತ್ರಿ ತನ್ನ ಹಳೇ ವೆಲ್ಡಿಂಗ್ ಸೆಟ್ಟು ಕೊಟ್ಟ, ಭಾನುವಾರಕ್ಕೊಮ್ಮೆ ಬಂದು ಕಲಿಸಲು ಒಪ್ಪಿದ. ಕಲಿಸುವುದೆಂದರೆ ಏನು? ನಾನು ವಾರವೆಲ್ಲ ಸಾಲಿ ಬಿಟ್ಟ ಮೇಲೆ ಕೂತು ಹಾಕಿದ ಬೆಸುಗೆಗೆಲ್ಲ ಸುತ್ತಿಗೆಯಿಂದ ಒಂದೊಂದು ಏಟು ಹಾಕುವುದು. ನಿಂತರೆ ಮಾತಿಲ್ಲದೆ ಮುಂದಿನದಕ್ಕೆ ಹೋಗುತ್ತಿದ್ದ. ಕಿತ್ತು ಬಂದರೆ ತುಂಡನ್ನು ಎತ್ತಿ ನನ್ನ ಅಂಗೈಯಲ್ಲಿಡುತ್ತಿದ್ದ.

“ಮ್ಯಾಲ ಕುಂತೈತಿ, ಒಳಗ ಇಳದಿಲ್ಲ ಮಾಸ್ತರ್ರ. ಹೊಡದ ನೋಡೂದು ಮೊದಲ, ಬಣ್ಣ ಆಮ್ಯಾಲ.”

ಮೊದಲ ತಿಂಗಳು ಎಲ್ಲವೂ ಕಿತ್ತು ಬಂದವು. ಕಬ್ಬಿಣದ ಪತ್ರಾ ತೆಳುವಾದರೆ ತೂತು, ದಪ್ಪವಾದರೆ ಹಿಡಿಯದು. ಮಕ್ಕಳ ಪೇಪರಿನ ಮೇಲೆ ಕೆಂಪು ಗೀಟು ಎಳೆದು ಎಳೆದು ಬೆಳೆದ ಕೈಗೆ, ತನ್ನ ಕೆಲಸದ ಮೇಲೆ ಸುತ್ತಿಗೆ ಬೀಳುವುದನ್ನು ತಡೆದುಕೊಳ್ಳುವುದು ಆಗಲಿಲ್ಲ. ನಾನು ಸೆಟ್ಟು ಹಚ್ಚಿದರೆ ಓಣಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಎದುರು ಮನೆಯವರು “ನಿಮ್ಮ ಕಾರಿನ ಸಲುವಾಗಿ ನಮ್ಮ ರೇಡಿಯೋ ಸಾಯಾಕತ್ತೈತಿ” ಎಂದು ಬಂದು ಜಗಳ ತೆಗೆದರು. ಅವರ ಮೇಲೂ ಎಗರಾಡಿದೆ. ಆ ಐದಾರು ತಿಂಗಳು ನಾನು ಮನೆಯಲ್ಲಿ ಮೆಲ್ಲಗೆ ಮಾತಾಡಿದ್ದೇ ನೆನಪಿಲ್ಲ.

ನನ್ನನ್ನು ಸಹಿಸಿಕೊಂಡವಳು ತಂಗಿಯೊಬ್ಬಳೇ. ಪತ್ರಾ ಅಲುಗದಂತೆ ಇಕ್ಕಳದಲ್ಲಿ ಹಿಡಿದು ನಿಲ್ಲುವ ಕೆಲಸ ಅವಳದು. ಕಪ್ಪು ಗಾಜು ಇದ್ದದ್ದು ಒಂದೇ, ಅದು ನನ್ನ ಮುಖದ ಮುಂದೆ. ಅವಳು ಮುಖ ಆಚೆ ತಿರುಗಿಸಿ ಹಿಡಿಯುತ್ತಿದ್ದಳು. ಆದರೂ ಒಂದು ದಿನ ಬೆಳಕು ತಾಗಿ, ಕಣ್ಣಲ್ಲಿ ಮರಳು ಹಾಕಿದ ಹಾಗಾಗಿ ಕೂತುಬಿಟ್ಟಳು. ಅವ್ವ ಅವಳ ಕಣ್ಣಿಗೆ ಆಲೂಗಡ್ಡೆ ಹೋಳು ಕಟ್ಟಿ ನನಗೆ ಮಂಗಳಾರತಿ ಮಾಡಿದಳು. “ಲಗ್ನದ ಹುಡುಗಿ ಕಣ್ಣ ಕಳೀತಿ ಏನೋ!” ಮಾರನೆಯ ದಿನ ತಂಗಿ ಮತ್ತೆ ಇಕ್ಕಳ ಹಿಡಿದು ಬಂದಳು.

ಬರಬರುತ್ತ ಬೆಸುಗೆಗಳು ಮಿಸ್ತ್ರಿಯ ಏಟಿಗೆ ನಿಲ್ಲತೊಡಗಿದವು, ಕೊನೆಗೆ ಉಳಿದದ್ದು ಒಂದೇ ಜಾಗ. ಎಡಗಡೆಯ ಹಿಂದಿನ ಗಾಲಿಯ ಹತ್ತಿರ, ಹಿಂಭಾಗದ ಭಾರವನ್ನೆಲ್ಲ ಹೊರುವ ಸ್ಪ್ರಿಂಗಿನ ಪಾಟಾ ಬಂದು ಕೂಡುವ ಕಡೆ. ಉಪ್ಪು ಎಲ್ಲಕ್ಕಿಂತ ಹೆಚ್ಚು ತಿಂದಿದ್ದೂ ಅದನ್ನೇ. ಅಂಗಾತ ಮಲಗಿ, ಕೈ ಮೇಲೆತ್ತಿ ಬೆಸೆಯಬೇಕು. ಕಿಡಿ ಅಂಗಿಯೊಳಗೆ ಬೀಳುತ್ತದೆ. ಅವತ್ತು ಕರೆಂಟು ಬೇರೆ ತೀರಾ ಕಡಿಮೆ, ರಾಡು ಅಂಟುತ್ತದೆ, ಸಾಯುತ್ತದೆ. ಮದುವೆಗೆ ಒಂದು ವಾರ. ಮಿಸ್ತ್ರಿ ತನ್ನ ಊರಿಗೆ ಹೋಗಿದ್ದ. ಹೇಗೋ ಒಂದು ಗೆರೆ ಎಳೆದೆ. ಮೇಲಿನ ಕಿಟ್ಟ ಕೆರೆದಾಗ ತಂಗಿ ಬಗ್ಗಿ ನೋಡಿದಳು.

“ಅಣ್ಣಾ, ಇದು ಹಿಡದಂಗ ಕಾಣವಲ್ದು.”

“ನೀ ಯಾವಾಗಿನ ಮಿಸ್ತ್ರಿ ಆದಿ? ಹಿಡಿ ಅಂದಷ್ಟ ಹಿಡಿ!”

ಅವಳು ಮತ್ತೆ ಇಕ್ಕಳ ಹಿಡಿದಳು. ಸುತ್ತಿಗೆ ಕೈಗೆ ಸಿಗುವಷ್ಟು ದೂರದಲ್ಲೇ ಇತ್ತು, ನಾನು ಅದನ್ನು ಮುಟ್ಟಲಿಲ್ಲ. ಹೊಡೆದರೆ ಬೀಳುತ್ತದೆ ಎಂದು ಗೊತ್ತಿತ್ತು. ಬಿದ್ದರೆ ಕಾಕಾನ ಎದುರು ಮುಖ ಎಲ್ಲಿಡುವುದು? ಮೇಲೆ ಪುಟ್ಟಿ ಮೆತ್ತಿ, ಡಾಂಬರು ಬಳಿದುಬಿಟ್ಟೆ.

ಮದುವೆಯ ದಿನ ಬೆಳಿಗ್ಗೆ, ಹಿಂದಿನ ಸೀಟು ಮತ್ತೆ ಕೂತ ಕಾರು ಅಂಗಳದಲ್ಲಿ ಮಿರಿ ಮಿರಿ ಹೊಳೆಯುತ್ತಿತ್ತು. ರೇಡಿಯೋದ ಜಗಳದವರೂ ಬಂದು ಸವರಿ ನೋಡಿದರು. ಬೀಗರ ಊರಿಗೆ ಹೊರಡುವ ಬಸ್ಸು ಬೀದಿಯಲ್ಲಿ ನಿಂತಿತ್ತು. ಖಾನಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದ ಕಾಕಾ, ತಾವೇ ತಂದ ನಿಂಬೆಹಣ್ಣುಗಳನ್ನು ನಾಲ್ಕೂ ಗಾಲಿಗಿಟ್ಟು ಕಾಯಿ ಒಡೆದರು. “ಗೆದ್ದಿ ಬಿಡಪಾ,” ಅಂದರು. ಆ ಮಾತಿಗೆ ನಾನು ಎಷ್ಟು ತಿಂಗಳು ಕಾದಿದ್ದೆ! ಬಂದಾಗ ಒಂದಿಷ್ಟೂ ಹಿತವಾಗಲಿಲ್ಲ.

ತಂಗಿ ಹಳದಿ ಸೀರೆಯಲ್ಲಿ, ಹೂವಿನ ದಂಡೆ ಮುಡಿದು ಬಂದಳು. ಎಡಗಡೆಯ ಹಿಂದಿನ ಬಾಗಿಲು ತೆಗೆದೆ. ಅವಳು ಒಂದು ಕಾಲು ಒಳಗಿಟ್ಟು, ನನಗಷ್ಟೇ ಕೇಳುವಂತೆ ಕೇಳಿದಳು. “ಅಣ್ಣಾ, ಅದನ್ನ ಹೊಡದ ನೋಡಿದೇನು?”

ಮೈಯೆಲ್ಲ ಉರಿದುಹೋಯಿತು. ಇಷ್ಟು ಜನರ ಮುಂದೆ ಇವಳಿಗೆ ಈಗಲೇ ಬೇಕಾಗಿತ್ತೇ ಇದು? “ಕುಂದರು,” ಅಂದೆ.

ಅವಳು ಕೂತಳು. ಸೆರಗು ಒಳಗೆಳೆದುಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತಳು. ನಾನು ಬಾಗಿಲು ಹಾಕಿ, ಸುತ್ತಿ ಬಂದು, ಸ್ಟೇರಿಂಗಿನ ಮುಂದೆ ಕೂತು ಚಾವಿ ತಿರುಗಿಸಿದೆ. ಎಂಜಿನ್ನು ಚಾಲೂ ಆಯಿತು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಹೆದರಿದ ಮುಖ ಅದಲ್ಲ, ಇಕ್ಕಳ ಹಿಡಿದಾಗಿನ ಅದೇ ಮುಖ.

ಎಂಜಿನ್ನು ಬಂದ್ ಮಾಡಿದೆ. “ಇಳಿ,” ಅಂದೆ. ಡಿಕ್ಕಿಯಿಂದ ಸುತ್ತಿಗೆ ತೆಗೆದೆ. ಜರಿಯಂಚಿನ ಧೋತರದಲ್ಲೇ ನೆಲಕ್ಕೆ ಕೂತು, ಗಾಲಿಯ ಪಕ್ಕದಿಂದ ಕೈ ತೂರಿಸಿ ಹೊಡೆದೆ. ಮೊದಲ ಏಟಿಗೆ ಪುಟ್ಟಿ ಉದುರಿತು. ಎರಡನೆಯ ಏಟಿಗೆ ಬೆಸುಗೆ ಪೂರ್ತಿ ಕಿತ್ತು, ಕಾರಿನ ಹಿಂಭಾಗ ದಡಾರನೆ ಒಂದು ಗೇಣು ಕುಸಿದು ಗಾಲಿಯ ಮೇಲೆ ಕೂತಿತು.

ಬಾಜಾದವರು ಸಹ ಬಾರಿಸುವುದನ್ನು ನಿಲ್ಲಿಸಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಕಾ ಹತ್ತಿರ ಬಂದು ಬಗ್ಗಿ, ಬಿದ್ದ ತುಂಡನ್ನು ಎತ್ತಿ ನೋಡಿದರು. ಅವರ ಮುಖ ಇಳಿದಿತ್ತು.

“ಇದು ನನ್ನ ಉಪ್ಪಿಂದ ಆತೇನೋ ತಮ್ಮಾ?”

ಹೂಂ ಅಂದಿದ್ದರೆ ಅಲ್ಲಿದ್ದವರೆಲ್ಲ ನಂಬುತ್ತಿದ್ದರು. ತಂಗಿ ನನ್ನನ್ನೇ ನೋಡುತ್ತಿದ್ದಳು.

“ಅಲ್ರಿ ಕಾಕಾ. ಇದು ನಂದು.”

ತಂಗಿ ಬಸ್ಸಿನಲ್ಲೇ ಹೋದಳು. ಮುಂದಿನ ಸೀಟಿನಲ್ಲಿ ಅವ್ವನ ಬಾಜೂಕೆ ಕೂತಿದ್ದಳು. ನಾನು ಮಣ್ಣಾದ ಧೋತರದಲ್ಲೇ ನಂದಗಡದವರೆಗೂ ಹಿಂದೆ ನಿಂತು ಹೋದೆ. ಕಾಕಾನ ಮೇಲಿನ ಸಿಟ್ಟು ಖಾನಾಪುರ ಬರುವುದರೊಳಗೇ ಇಳಿದಿತ್ತು. ಇಳಿಯದೆ ಉಳಿದದ್ದು ಇನ್ನೊಂದು. ಅದು ಹಿಡಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ನಾನು ಕುಂದರು ಅಂದೆ, ಅವಳು ಕೂತಳು.